ಹುಸಿಬೆಳ್ಳಿಯ ಆರೈಕೆ

ಹೊಳಪಿನ ವಿಷಯದಲ್ಲಿ ನಮ್ಮ ಹಿರಿಯರಿಗೆ ಒಂದು ಬಗೆಯ ಗುಮಾನಿ ಇದ್ದೇ ಇತ್ತು. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂದರು. ‘ಮೇಲೆ ಥಳಕು, ಒಳಗೆ ಹುಳುಕು’ ಎಂದರು. ಆದರೆ ಹೀಗೆ ಗಾದೆ ಕಟ್ಟಿದವರೇ ತಪ್ಪದೆ ಕಲಾಯಿಯವನನ್ನು ಕರೆದು ಜಗಲಿಯ ಬಳಿ ಕೂರಿಸಿ, ಮನೆಯ ತಾಮ್ರ ಹಿತ್ತಾಳೆಯ ಪಾತ್ರೆಗಳನ್ನೆಲ್ಲ ಅವನ ಮುಂದೆ ತಂದು ಪೇರಿಸುತ್ತಿದ್ದರು. ಅವನು ನೆಲದಲ್ಲಿ ಕುಳಿ ತೋಡಿ, ತಿದಿಯೊತ್ತಿ ಕೆಂಡ ಮಾಡಿ, ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ, ತವರದ ಕಡ್ಡಿಯನ್ನು ತಾಗಿಸಿ, ಹತ್ತಿಯ ಉಂಡೆಯಿಂದ ಒಮ್ಮೆ ಸವರಿದನೆಂದರೆ ಪಾತ್ರೆಯ ಒಡಲಿನಲ್ಲಿ ಬೆಳದಿಂಗಳು ಹರಡಿದಂತಾಗುತ್ತಿತ್ತು. ಆ ಹೊಳಪು ಬರಿಯ ಅಲಂಕಾರವಲ್ಲ; ಹುಳಿ ತಾಮ್ರಕ್ಕೆ ಮುಟ್ಟದಂತೆ ತಡೆದು ಮನೆಮಂದಿಯ ಹೊಟ್ಟೆಯನ್ನು ಕಾಯುತ್ತಿದ್ದುದು ಅದೇ. ಅದು ಸವೆಯುವುದೆಂದು ಎಲ್ಲರಿಗೂ ಗೊತ್ತಿತ್ತು. ಸವೆದಾಗ ಮತ್ತೆ ಹಾಕಿಸಬೇಕೆಂಬುದೂ ಗೊತ್ತಿತ್ತು. ಹೊಳಪೆಂದರೆ ಆಗಾಗ ನವೀಕರಿಸಿಕೊಳ್ಳಬೇಕಾದ ಒಂದು ಒಪ್ಪಂದ ಎಂಬ ತಿಳಿವಳಿಕೆ ನಮ್ಮ ಅಡಿಗೆಮನೆಗಳಲ್ಲಿತ್ತು.

ನಾನಿಂದು ಹೇಳಹೊರಟಿರುವುದು ಇಂತಹ ಒಪ್ಪಂದವೇ ಇಲ್ಲದೆ ಹುಟ್ಟಿದ ಒಂದು ಹೊಳಪಿನ ವಿಚಾರ. ಹಳೆಯ ಮೋಟಾರು ಕಾರುಗಳಲ್ಲಿ ಬೆಳ್ಳಿಯಂತೆ ಕಾಣುವ ಹೆಸರುಪಟ್ಟಿ, ಮೀಟರುಗಳ ಸುತ್ತಣ ಉಂಗುರ, ಗುಂಡಿ, ಅಂಚು ಮುಂತಾದವನ್ನು ನೀವು ಕಂಡಿದ್ದೀರಿ. ಬೆರಳಿನಿಂದ ತಟ್ಟಿದರೆ ಟಣ್ ಎನ್ನದೆ ಟಪ್ ಎನ್ನುತ್ತವೆ. ಒಳಗಿರುವುದು ಪ್ಲಾಸ್ಟಿಕ್ಕು, ಮೇಲಿರುವುದು ಕ್ರೋಮಿಯಮ್ಮಿನ ವೇಷ. ಇವು ಮಾಸಿದಾಗ, ಸಿಪ್ಪೆಯೆದ್ದಾಗ, ಏನು ಮಾಡಬೇಕು? ತಯಾರಿಸಿದವರ ಉತ್ತರ ಸುಲಭವಾಗಿತ್ತು: ಎಸೆಯಿರಿ, ಹೊಸದನ್ನು ಕೊಳ್ಳಿರಿ. ಆದರೆ ತಯಾರಿಸುವ ಕಾರ್ಖಾನೆಯೇ ಆ ಕಾರನ್ನು ಮರೆತು ಇಪ್ಪತ್ತು ವರ್ಷ ಕಳೆದ ಮೇಲೆ ಹೊಸದೆಲ್ಲಿಂದ ಬರಬೇಕು?

ಈ ಪ್ರಶ್ನೆ ನನ್ನ ಬಳಿಗೆ ಬಂದದ್ದು ದಾವಣಗೆರೆಯ ಒಂದು ಮನೆಯಿಂದ. ನನ್ನ ಗೆಳೆಯರೊಬ್ಬರು ಅಲ್ಲಿ ಹತ್ತಿಯ ವ್ಯಾಪಾರದಲ್ಲಿದ್ದವರು. ಊರಿನ ಗಿರಣಿಗಳು ಕೂಗುತ್ತಿದ್ದ ಕಾಲದಲ್ಲಿ ಅವರು ಕೊಂಡದ್ದು ಒಂದು ಕಾಂಟೆಸಾ ಕಾರು. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ಮಾದರಿಯಿಂದ 1984ರಲ್ಲಿ ಹೊರತಂದು 2002ರವರೆಗೆ ತಯಾರಿಸಿದ ಕಾರು ಅದು. ಅಂಬಾಸಿಡರು ಗೌರವದ ವಾಹನವಾಗಿದ್ದ ದಿನಗಳಲ್ಲಿ ಕಾಂಟೆಸಾ ಸಂಭ್ರಮದ ವಾಹನ. ಗೆಳೆಯರು ತೀರಿಕೊಂಡ ಮೇಲೆ ಅವರ ಮಗಳು ಕಾರನ್ನು ಮಾರಲಿಲ್ಲ. ಎಂಜಿನ್ನನ್ನು ರಿಪೇರಿ ಮಾಡಿಸಿದರು, ತುಕ್ಕು ತಿಂದ ತಗಡನ್ನು ಬೆಸೆಸಿದರು, ಬಣ್ಣ ಹೊಡೆಸಿದರು. ಅದೆಲ್ಲಕ್ಕೂ ಜನ ಸಿಕ್ಕಿದರು. ಸಿಕ್ಕದೆ ಹೋದದ್ದು ಈ ಹುಸಿಬೆಳ್ಳಿಯ ಚೂರುಗಳಿಗೆ. ಅವುಗಳಲ್ಲಿ ಕೆಲವು ಕಾರಿನೊಡನೆ ಬಂದವು, ಕೆಲವು ಗೆಳೆಯರು ಆಮೇಲೆ ಅಂಗಡಿಯಲ್ಲಿ ಕೊಂಡು ಅಂಟಿಸಿದವು. ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಆಕೆ ನನ್ನ ಕೈಗಿತ್ತರು. ನಾನು ಅದನ್ನು ಹರಿಹರಕ್ಕೆ ಒಯ್ದೆ.

ಹರಿಹರಕ್ಕೇ ಏಕೆಂದರೆ, ಲೋಹವನ್ನು ಬಲ್ಲ ಕೈಗಳು ಆ ಊರಿನಲ್ಲಿ ಇಂದಿಗೂ ಉಂಟು. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರಿನಷ್ಟು ದೂರದ, ತುಂಗಭದ್ರೆಯ ದಡದ ಈ ಊರಿನಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ಮುಚ್ಚಿಹೋಯಿತು. ಕಾರ್ಖಾನೆ ಮುಚ್ಚಿದರೂ ಕೈಗಳ ಕಲಿಕೆ ಮುಚ್ಚಲಿಲ್ಲ. ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಬೆರಳ ತುದಿಯಲ್ಲಿ ಗುರುತಿಸಬಲ್ಲವರು ಆ ಊರಿನ ಓಣಿಗಳಲ್ಲಿ ಮನೆಯ ಹಿತ್ತಿಲ ಷೆಡ್ಡುಗಳಲ್ಲಿ ಕುಳಿತು ಸಣ್ಣಪುಟ್ಟ ಕೆಲಸ ಮಾಡತೊಡಗಿದರು. ನಾನು ಹುಡುಕಿಕೊಂಡು ಹೋದವರು ಅಂಥವರಲ್ಲಿ ಒಬ್ಬರು. ಹೆಸರು ಹೇಳಬಾರದೆಂದು ಅವರೇ ಅಪ್ಪಣೆ ಮಾಡಿದ್ದಾರೆ. ಹೇಳಿದರೆ ಕೆಲಸ ಹೆಚ್ಚಾಗಿ ಕೈ ಕೆಡುವುದಂತೆ.

ಅವರು ಪೆಟ್ಟಿಗೆಯನ್ನು ತೆರೆದು ಮೊದಲು ಮಾಡಿದ ಕೆಲಸ ನನಗೆ ಸೋಜಿಗವೆನಿಸಿತು. ಹೊಳೆಯುವ ಮುಖವನ್ನು ಅವರು ನೋಡಲೇ ಇಲ್ಲ. ಒಂದೊಂದನ್ನೂ ಮಗುಚಿ ಬೆನ್ನನ್ನು ನೋಡಿ ಮೂರು ಗುಂಪುಗಳಾಗಿ ವಿಂಗಡಿಸಿದರು. ಹೊಳಪು ಒಂದೇ ಆಗಿ ಕಂಡರೂ ಅದು ಹುಟ್ಟಿದ ಬಗೆ ಮೂರು. ಹುಟ್ಟು ತಿಳಿಯದೆ ಆರೈಕೆ ಮಾಡಲಾಗದು ಎಂಬುದು ಅವರ ಮೊದಲ ಪಾಠ.

ಮೊದಲನೆಯದು ನಿಜವಾದ ಲೋಹಲೇಪ. ಕ್ರೋಮಿಯಂ ಎಂಬ ಲೋಹವನ್ನು 1797ರಲ್ಲಿ ಫ್ರಾನ್ಸಿನ ವೋಕ್ಲೆನ್ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದನು. ಅದರ ಸಂಯುಕ್ತಗಳೆಲ್ಲ ಬಣ್ಣಬಣ್ಣದವಾದುದರಿಂದ ಗ್ರೀಕ್ ಭಾಷೆಯ ‘ಬಣ್ಣ’ ಎಂಬ ಮಾತೇ ಅದಕ್ಕೆ ಹೆಸರಾಯಿತು. ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಅದೇ ಕಾರಣ. ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲಿ ಅದರ ಅದಿರನ್ನು ಅಗೆದದ್ದುಂಟು. 1920ರ ದಶಕದಲ್ಲಿ ಅದನ್ನು ವಿದ್ಯುತ್ತಿನ ಬಲದಿಂದ ಉಕ್ಕಿನ ಮೇಲೆ ಲೇಪಿಸುವ ಕಲೆ ಕೈಗೂಡಿ ಮೋಟಾರು ಕಾರುಗಳು ಕನ್ನಡಿಯಂತೆ ಮೆರೆದವು. ಆದರೆ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಹರಿಯದು. 1960ರ ದಶಕದಲ್ಲಿ ಈ ತೊಡಕಿಗೆ ಸಿಕ್ಕಿದ ಪರಿಹಾರ ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕು. ಅದರೊಳಗೆ ಸೂಕ್ಷ್ಮವಾದ ರಬ್ಬರಿನ ಕಣಗಳು ಹುದುಗಿರುತ್ತವೆ. ಕ್ರೋಮಿಕ್ ಆಮ್ಲ ಮತ್ತು ಗಂಧಕಾಮ್ಲಗಳ ಬಿಸಿ ಮಿಶ್ರಣದಲ್ಲಿ ಅದ್ದಿದರೆ ಮೇಲ್ಮೈಯ ರಬ್ಬರಿನ ಕಣಗಳು ಕರಗಿ ಲೆಕ್ಕವಿಲ್ಲದಷ್ಟು ಕುಳಿಗಳು ಉಳಿಯುತ್ತವೆ. ಆ ಕುಳಿಗಳಲ್ಲಿ ಪಲ್ಲೇಡಿಯಂ ಎಂಬ ಲೋಹದ ಬೀಜ ಬಿತ್ತಿ, ವಿದ್ಯುತ್ತಿಲ್ಲದೆಯೇ ನಿಕ್ಕಲ್ಲಿನ ಅಥವಾ ತಾಮ್ರದ ಮೊದಲ ಪೊರೆಯನ್ನು ಬೆಳೆಸುತ್ತಾರೆ. ಅಲ್ಲಿಂದ ಮುಂದೆ ವಿದ್ಯುತ್ತಿನ ಕೆಲಸ: ತಾಮ್ರ, ಅದರ ಮೇಲೆ ನಿಕ್ಕಲ್, ಎಲ್ಲಕ್ಕಿಂತ ಮೇಲೆ ಕ್ರೋಮಿಯಂ. ಒಟ್ಟು ಲೋಹದ ದಪ್ಪ ತಲೆಗೂದಲಿನ ದಪ್ಪದ ಅರ್ಧದಷ್ಟು. ಅದರಲ್ಲಿ ಕ್ರೋಮಿಯಮ್ಮಿನ ಪಾಲು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಮೆ. ಇಡೀ ತುಣುಕನ್ನು ದ್ರವದಲ್ಲಿ ಅದ್ದುವುದರಿಂದ ಸಾಮಾನ್ಯವಾಗಿ ಅದರ ಬೆನ್ನಿಗೂ ಲೋಹ ಹತ್ತಿರುತ್ತದೆ. ಬೆನ್ನು ನೋಡುವುದರ ಮರ್ಮ ಇದು.

ಎರಡನೆಯದು ಆವಿಯ ಹೊಳಪು. ಗಾಳಿಯನ್ನು ಹೊರಗೆಳೆದ ಪೆಟ್ಟಿಗೆಯೊಳಗೆ ಅಲ್ಯುಮಿನಿಯಮ್ಮನ್ನು ಕಾಯಿಸಿ ಆವಿಯಾಗಿಸಿದರೆ ಅದು ಎದುರಿಗಿರುವ ಮುಖದ ಮೇಲೆ ಇಬ್ಬನಿಯಂತೆ ಕೂರುತ್ತದೆ. ಬೆನ್ನು ಬರಿದಾಗಿಯೇ ಉಳಿಯುತ್ತದೆ. ಕುರುಕಲು ತಿಂಡಿಯ ಪೊಟ್ಟಣದ ಒಳಮೈ, ಇಂದಿನ ಕಾರಿನ ಮುಂದೀಪದ ಕನ್ನಡಿ, ಎಲ್ಲವೂ ಈ ಕುಲದವೇ. ಈ ಪದರ ಮೊದಲನೆಯದಕ್ಕಿಂತ ನೂರಾರು ಪಾಲು ತೆಳು. ಅದನ್ನು ಕಾಯುವುದು ಮೇಲಿನ ಒಂದು ತಿಳಿ ಅರಗು ಮಾತ್ರ. ಮೂರನೆಯದು ಎಲ್ಲಕ್ಕಿಂತ ಬಡಪಾಯಿ: ಲೋಹದ ಪೊರೆ ಹೊತ್ತ ಪಾಲಿಯೆಸ್ಟರ್ ಹಾಳೆಯನ್ನು ಪ್ಲಾಸ್ಟಿಕ್ ಪಟ್ಟಿಯೊಳಗೆ ಸೇರಿಸಿದ್ದು. ಬಾಗಿಲುಗಳ ಉದ್ದಕ್ಕೂ ಅಂಟಿಸುವ ಹೊಳೆಪಟ್ಟಿಗಳು ಬಹುಮಟ್ಟಿಗೆ ಇಂಥವು.

ಇವು ಏಕೆ ಹಾಳಾಗುತ್ತವೆ? ದಾವಣಗೆರೆಯ ಚೈತ್ರ ವೈಶಾಖದ ಬಿಸಿಲನ್ನು ಕಂಡವರಿಗೆ ಉತ್ತರ ಅರ್ಧ ತಿಳಿದಂತೆಯೇ. ಶಾಖಕ್ಕೆ ಪ್ಲಾಸ್ಟಿಕ್ಕು ಹಿಗ್ಗುವಷ್ಟು ಲೋಹ ಹಿಗ್ಗದು, ಎ.ಬಿ.ಎಸ್. ಕ್ರೋಮಿಯಮ್ಮಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಮಧ್ಯಾಹ್ನ ಹಿಗ್ಗಿ ರಾತ್ರಿ ಕುಗ್ಗುವ ಮೈಮೇಲೆ ಹಿಗ್ಗಲೊಲ್ಲದ ಅಂಗಿ. ನಡುವಿನ ಮೆದುವಾದ ತಾಮ್ರ ಇಬ್ಬರಿಗೂ ಒಪ್ಪುವಂತೆ ಎಷ್ಟು ವರ್ಷ ರಾಜಿ ಮಾಡಿಸೀತು? ಹರಿಹರದ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೈಯಲ್ಲಿ ನಿಂತಿದ್ದಾರೆ, ಹೊಯ್ಸಳರ ಕಾಲದಿಂದ. ಕಾರ್ಖಾನೆ ಒಂದುಗೂಡಿಸಿದ ಎರಡು ಸ್ವಭಾವಗಳಿಗೆ ಅಷ್ಟು ಬಾಳಿಕೆ ಇಲ್ಲ.

ಬಿಸಿಲು ಉಳಿಸಿದ್ದನ್ನು ನಮ್ಮ ಶುಚಿತ್ವ ಮುಗಿಸುತ್ತದೆ. ಹಿತ್ತಾಳೆಗೆ ಒಗ್ಗುವ ಹುಣಿಸೆ ಬೂದಿಗಳು ಇಲ್ಲಿ ಗೀರು ಹಾಕುತ್ತವೆ. ಚಾಕರಿಗೆ ಬಂದ ಹುಡುಗ ಬಟ್ಟೆಸೋಡದ ನೀರಿನಿಂದ ತಿಕ್ಕಿದನೆಂದರೆ ಆವಿಯ ಅಲ್ಯುಮಿನಿಯಂ ಕರಗಿ ನೀರುಪಾಲಾಗುತ್ತದೆ. ಕ್ಷಾರಕ್ಕೂ ಅಲ್ಯುಮಿನಿಯಮ್ಮಿಗೂ ಆಗದು. ಪೆಟ್ರೋಲು ಎ.ಬಿ.ಎಸ್. ಮೈಯಲ್ಲಿ ಬಿರುಕು ಹುಟ್ಟಿಸುತ್ತದೆ. ಅಸಿಟೋನ್ ಅದನ್ನು ಕರಗಿಸಿಯೇ ಬಿಡುತ್ತದೆ. ಸೌಮ್ಯವಾದ ಸಾಬೂನು, ಉಗುರುಬೆಚ್ಚನೆಯ ನೀರು, ಮೆತ್ತನೆಯ ಹಳೆಯ ಹತ್ತಿಬಟ್ಟೆ: ಇಷ್ಟನ್ನು ಮೀರಿದ ಉಪಚಾರ ಬೇಡವೆಂದು ಆ ಹಿರಿಯರು ಹೇಳಿದರು. ಕುದಿನೀರೂ ಬೇಡ, ಅದರ ಶಾಖಕ್ಕೆ ಈ ಪ್ಲಾಸ್ಟಿಕ್ಕು ಸೊಟ್ಟಗಾದೀತು.

ಅವರ ಕೆಲಸದ ಕ್ರಮವನ್ನು ನಾನು ಹಲವು ದಿನ ಹೋಗಿ ಬಂದು ನೋಡಿದೆ. ಕಾರಿನಿಂದ ಇನ್ನೂ ಬಿಡಿಸದೆ ಉಳಿದಿದ್ದ ಹೆಸರುಪಟ್ಟಿಯನ್ನು ತೆಗೆಯಲು ಅವರು ಹೊಳೆಯ ಮೀನುಗಾರರು ಬಳಸುವ ನೈಲಾನ್ ದಾರವನ್ನು ತಂದರು. ಬಿಸಿಬಟ್ಟೆಯಿಂದ ಅಂಟನ್ನು ಮೆದುಗೊಳಿಸಿ, ಪಟ್ಟಿಯ ಹಿಂದೆ ದಾರವನ್ನು ತೂರಿಸಿ ಗರಗಸದಂತೆ ಎಳೆದಾಡಿದರು. ಹೊಸ ಬಣ್ಣಕ್ಕೆ ಒಂದು ಗೀರೂ ಬೀಳಲಿಲ್ಲ. ಮುರಿದ ಕಡ್ಡಿಗಳನ್ನು ಜೋಡಿಸಲು ಹಾಳಾದ ಎ.ಬಿ.ಎಸ್. ಚೂರುಗಳನ್ನೇ ಅಸಿಟೋನಿನಲ್ಲಿ ಕರಗಿಸಿ ಸರಿ ಮಾಡಿಕೊಂಡರು. ಕೊಲ್ಲುವ ದ್ರವವೇ ಅಳತೆಯಲ್ಲಿ ಬಳಸಿದರೆ ಬೆಸೆಯುವ ಮದ್ದಾಯಿತು. ಸಿಪ್ಪೆಯೆದ್ದ ಕಡೆ ಸಡಿಲವಾದಷ್ಟನ್ನು ಮಾತ್ರ ಕತ್ತರಿಸಿ, ಅಂಚನ್ನು ಇಳಿಜಾರು ಮಾಡಿ, ಲಪ್ಪ ತುಂಬಿ, ನೀರು ಸೋಕಿಸುತ್ತ ಎಮರಿ ಕಾಗದದಿಂದ ಉಜ್ಜಿದರು: ಮೊದಲು 400ರ ಕಾಗದ, ಆಮೇಲೆ 800, 1500, ಕೊನೆಗೆ 2000. ಅದರ ಮೇಲೆ ಹೊಳೆಯುವ ಕಪ್ಪು ಅರಗು. ಬೆಳ್ಳಿ ಬರಬೇಕಾದಲ್ಲಿ ಕಪ್ಪೇಕೆ ಎಂದು ಕೇಳಿದೆ. ಕಪ್ಪು ಮೇಲ್ಮೈ ತನ್ನ ಒಂದು ದೋಷವನ್ನೂ ಮುಚ್ಚಿಡದು. ಅದರಲ್ಲಿ ಮುಖ ಕಂಡರೆ ಮಾತ್ರ ಬೆಳ್ಳಿಯಲ್ಲೂ ಕಂಡೀತು ಎಂದು ವಿವರಿಸಿದರು. ಹಲವು ದಿನ ಒಣಗಿದ ಮೇಲೆ, ಅಲ್ಯುಮಿನಿಯಮ್ಮಿನ ಸೂಕ್ಷ್ಮ ಹಲ್ಲೆಗಳನ್ನು ಮದ್ಯಸಾರದಲ್ಲಿ ತೇಲಿಸಿದ ಕನ್ನಡಿಬಣ್ಣವನ್ನು ಅತಿ ತೆಳುವಾಗಿ ಹಾಯಿಸಿದರು. ಮದ್ಯಸಾರ ಆರಿದಂತೆ ಹಲ್ಲೆಗಳು ಕೆರೆಯ ಮೇಲಣ ಎಲೆಗಳಂತೆ ಮಟ್ಟಸವಾಗಿ ಮಲಗಿ ಬೆಳಕನ್ನು ಹಿಂದಿರುಗಿಸತೊಡಗಿದವು. ಹತ್ತು ಪಾಲು ಕೆಲಸದಲ್ಲಿ ಒಂಬತ್ತು ಪಾಲು ಕಣ್ಣಿಗೆ ಕಾಣದಂತೆ ಅಡಿಯಲ್ಲಿ ನಡೆದುಹೋಗಿತ್ತು.

ಈ ಉಪಾಯಕ್ಕೆ ಒಂದು ಕೊರತೆಯುಂಟು. ಅದನ್ನು ಅವರು ಮರೆಮಾಚಲಿಲ್ಲ. ಕೈ ಸೋಕುವ ಜಾಗದಲ್ಲಿ ಇದು ಬಾಳದು. ರಕ್ಷಣೆಗೆಂದು ಮೇಲೆ ತಿಳಿ ಅರಗು ಹಾಕಿದರೆ ಹೊಳಪು ಒಂದಿಷ್ಟು ಮಂಕಾಗುತ್ತದೆ. ಇನ್ನೊಂದು ದಾರಿ ಬೆಳ್ಳಿ ಎರಚುವುದು: ತವರದ ಲವಣದಿಂದ ಮೇಲ್ಮೈಯನ್ನು ಹದಗೊಳಿಸಿ, ಬೆಳ್ಳಿಯ ನೈಟ್ರೇಟನ್ನೂ ಅದರಿಂದ ಬೆಳ್ಳಿಯನ್ನು ಬಿಡಿಸುವ ದ್ರವವನ್ನೂ ಒಟ್ಟಿಗೆ ಚಿಮ್ಮಿಸುವುದು. 1835ರಲ್ಲಿ ಜರ್ಮನಿಯ ಲೀಬಿಗ್ ಗಾಜಿಗೆ ಬೆಳ್ಳಿ ಹಿಡಿಸಿದ ವಿದ್ಯೆಯ ಮೊಮ್ಮಗಳಿದು. ಆದರೆ ಬೆಳ್ಳಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ತೊಂಬತ್ತೈದರಷ್ಟನ್ನು ಮರಳಿಸುತ್ತದೆ. ಕ್ರೋಮಿಯಂ ಅರುವತ್ತೈದರ ಆಸುಪಾಸಿನಷ್ಟನ್ನು ಮಾತ್ರ. ನಿಜವಾದ ಕ್ರೋಮಿನಲ್ಲಿ ನೀಲಿಯ ಛಾಯೆಯ ಒಂದು ಗಾಂಭೀರ್ಯವಿದೆ. ಬೆಳ್ಳಿ ಎರಚಿದ ತುಣುಕು ಕ್ರೋಮಿಗಿಂತ ಹೆಚ್ಚು ಹೊಳೆದು, ಹೆಚ್ಚು ಹೊಳೆದುದರಿಂದಲೇ ಸುಳ್ಳೆಂದು ಸಿಕ್ಕಿಬೀಳುತ್ತದೆ. ಬಲ್ಲ ಕೆಲಸಗಾರರು ಮೇಲಿನ ಅರಗಿಗೆ ಚೂರು ನೀಲಿ, ಚೂರು ಕಪ್ಪು ಬೆರೆಸಿ ಅದರ ಸೊಕ್ಕನ್ನು ಇಳಿಸುತ್ತಾರೆ.

ಕಾರಿನ ಒಡತಿಗೆ ಇವೆರಡೂ ಪೂರ್ತಿ ರುಚಿಸಲಿಲ್ಲ. ತಂದೆಯ ಕಾರಿಗೆ ನಿಜವಾದ ಕ್ರೋಮೇ ಬೇಕು, ಖರ್ಚು ಎಷ್ಟಾದರೂ ಆಗಲಿ ಎಂದರು. ಆ ಮಾತನ್ನು ನಾನು ಹರಿಹರಕ್ಕೆ ಮುಟ್ಟಿಸಿದಾಗ ಅದುವರೆಗೆ ಎಲ್ಲಕ್ಕೂ ನಗುತ್ತಿದ್ದ ಹಿರಿಯರು ತಲೆಯಾಡಿಸಿದರು. ಸಣ್ಣ ಪ್ರಮಾಣದಲ್ಲಿ ಆಮ್ಲದ ತೊಟ್ಟಿ ಕಟ್ಟಿಕೊಂಡು ಈ ಕೆಲಸ ಮಾಡುವುದು ಅವರಿಗೆ ಬಾರದ ವಿದ್ಯೆಯೇನಲ್ಲ. ಆದರೆ ತಮ್ಮ ಹಿತ್ತಿಲಲ್ಲಿ ಒಂದು ಬಾವಿಯಿದೆಯೆಂದೂ, ಅದರಿಂದ ನಾಲ್ಕು ಮನೆಯವರು ನೀರು ಸೇದುತ್ತಾರೆಂದೂ, ಅದರಾಚೆ ಇಳಿಜಾರು ಹೊಳೆಗೇ ಹೋಗುತ್ತದೆಂದೂ ಹೇಳಿ ಸುಮ್ಮನಾದರು.

ಅವರ ಮೌನದ ಹಿಂದಿನ ಲೆಕ್ಕವನ್ನು ನಾನು ಆಮೇಲೆ ಮಾಡಿ ನೋಡಿದೆ. ಲೋಹವಾಗಿ ಕಾರಿನ ಮೇಲೆ ಕುಳಿತ ಕ್ರೋಮಿಯಂ ಯಾರಿಗೂ ಕೇಡು ಮಾಡದು. ಕೇಡಿರುವುದು ಅದನ್ನು ಕೂರಿಸಲು ಬಳಸುವ ಕಿತ್ತಳೆಗೆಂಪು ದ್ರಾವಣದಲ್ಲಿ. ಅಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ತೊಟ್ಟಿಯಿಂದೇಳುವ ಅದರ ಮಂಜನ್ನು ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರ ಮೂಗಿನ ನಡುಗೋಡೆ ತೂತು ಬಿದ್ದುದನ್ನು ವೈದ್ಯರು ಬಹು ಹಿಂದೆಯೇ ಗುರುತಿಸಿದ್ದರು. ಅದು ಶ್ವಾಸಕೋಶಕ್ಕೆ ಕ್ಯಾನ್ಸರನ್ನು ತರುವುದೂ ಸಿದ್ಧವಾಗಿದೆ. ಯುರೋಪಿನ ಒಕ್ಕೂಟವು 2017ರ ಸೆಪ್ಟೆಂಬರಿನಿಂದ ವಿಶೇಷ ಅನುಮತಿಯಿಲ್ಲದೆ ಕ್ರೋಮಿಯಂ ಟ್ರೈಆಕ್ಸೈಡನ್ನು ಬಳಸುವುದನ್ನು ನಿಷೇಧಿಸಿತು. ಮೂರು ವೇಲೆನ್ಸಿಯ, ಅಷ್ಟು ಅಪಾಯವಿಲ್ಲದ ಕ್ರೋಮಿಯಮ್ಮಿನಿಂದ ಅದೇ ಕೆಲಸ ಮಾಡುವ ವಿಧಾನಗಳು ಬಳಕೆಗೆ ಬಂದಿವೆ. ನಮ್ಮ ದೇಶದ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಮನ್ನು ಮೀರಕೂಡದು. ಎಂದರೆ ಒಂದೇ ಒಂದು ಗ್ರಾಂ ಕ್ರೋಮಿಯಂ ಇಪ್ಪತ್ತು ಸಾವಿರ ಲೀಟರು ನೀರನ್ನು ಆ ಗಡಿಗೆ ಮುಟ್ಟಿಸಬಲ್ಲುದು. ತ್ಯಾಜ್ಯವನ್ನು ಶುದ್ಧಿಮಾಡುವ ವ್ಯವಸ್ಥೆಯುಳ್ಳ ದೊಡ್ಡ ಕಾರ್ಯಾಗಾರದಲ್ಲಿ ಇದನ್ನು ನಿಭಾಯಿಸಬಹುದು. ಹಿತ್ತಿಲಿನಲ್ಲಿ ಆಗದು. ದಾವಣಗೆರೆ ಕುಡಿಯುವ ನೀರಿಗೆ ಭದ್ರಾ ನಾಲೆಯನ್ನು ನೆಚ್ಚಿರುವಂತೆ ತುಂಗಭದ್ರೆಯನ್ನೂ ನೆಚ್ಚಿದೆ. ಹರಿಹರದಲ್ಲಿ ಹೊಳೆಯ ಪಾಲಾದದ್ದು ಹರಿಹರದಲ್ಲಿಯೇ ನಿಲ್ಲುವುದಿಲ್ಲ ಎಂಬುದು ದಡದ ಊರುಗಳವರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ.

ಈ ಲೆಕ್ಕವನ್ನು ಒಡತಿಯ ಮುಂದಿಟ್ಟೆ. ಆಕೆ ಎರಡು ದಿನ ಯೋಚಿಸಿ, ಕೈ ಸೋಕದ ಹೆಸರುಪಟ್ಟಿಗೆ ಕನ್ನಡಿಬಣ್ಣವೂ, ಮೀಟರಿನ ಉಂಗುರಗಳಿಗೆ ತಿಳಿ ಅರಗಿನ ಹೊದಿಕೆಯೂ, ಬಾಗಿಲಿನ ಪಟ್ಟಿಗೆ ಹೊಸ ಅಂಟುಹಾಳೆಯೂ ಸಾಕೆಂದರು. ಉಳಿದದ್ದು ಒಂದು ಗುಂಡಿ. ದೀಪದ್ದೋ ಗಾಳಿಯದೋ ಇರಬೇಕು. ಅದರ ಒಂದು ಮಗ್ಗುಲಲ್ಲಿ ಹೆಬ್ಬೆರಳಿನ ಅಗಲಕ್ಕೆ ಕ್ರೋಮು, ನಿಕ್ಕಲ್ ಎರಡೂ ಸವೆದು ತಾಮ್ರದ ಕೆಂಪು ಇಣುಕುತ್ತಿತ್ತು. ಇಪ್ಪತ್ತು ವರ್ಷ ಒಬ್ಬರೇ ತಿರುಗಿಸಿದ ಗುಂಡಿ ಅದು. ಹರಿಹರದ ಹಿರಿಯರು ಅದನ್ನು ಸಾಬೂನಿನಲ್ಲಿ ತೊಳೆದು, ಬೇರೇನೂ ಮಾಡದೆ, ಬೇರೆ ಕಾಗದದಲ್ಲಿ ಸುತ್ತಿಟ್ಟಿದ್ದರು. ಆಕೆಗೆ ಕಾರಣ ಹೇಳಬೇಕಾಗಲಿಲ್ಲ.

ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವು 2013ರಲ್ಲಿ ಅಂಗೀಕರಿಸಿದ ತೂರಿನ್ ಸನ್ನದು ಎಂಬುದೊಂದಿದೆ. ಮೂಲದ ಪದಾರ್ಥವನ್ನು ಆದಷ್ಟು ಉಳಿಸಿಕೊಳ್ಳಿ, ಕಾಲ ಬಿಟ್ಟುಹೋದ ಗುರುತುಗಳಿಗೂ ಬೆಲೆ ಕೊಡಿ ಎಂಬುದು ಅದರ ಸಾರ. ಆ ಹಿರಿಯರು ಅದನ್ನು ಓದಿದವರಲ್ಲ. ಓದದೆಯೂ ಅವರ ಕೈ ಅದೇ ತೀರ್ಮಾನಕ್ಕೆ ಬಂದಿತ್ತು.

ನಮ್ಮ ಸರ್ಕಾರದ 2021ರ ನಿಯಮದಂತೆ ಒಂದು ಕಾರು ಪಾರಂಪರಿಕವೆನಿಸಿಕೊಳ್ಳಲು ಮೊದಲ ನೋಂದಣಿಯಿಂದ ಐವತ್ತು ವರ್ಷ ತುಂಬಿರಬೇಕು. 1984ರಲ್ಲಿ ಬೀದಿಗಿಳಿದ ಮೊದಲ ಕಾಂಟೆಸಾಗಳಿಗೆ ಆ ಮರ್ಯಾದೆ ದೊರೆಯುವುದು 2034ಕ್ಕೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತಿರುವ ಹಳೆಯ ಕಾರುಗಳನ್ನು ನೋಡಿ ನಾವು ಬೆರಗಾಗುತ್ತೇವೆ. ಆದರೆ ವಸ್ತುಗಳು ಅಳಿಯುವುದು ಅವು ಪ್ರಾಚೀನವಾದ ಮೇಲಲ್ಲ; ಹೊಸತನ ಕಳೆದು ಹಳಮೆಯ ಗೌರವ ಇನ್ನೂ ಬಾರದಿರುವ ನಡುವಯಸ್ಸಿನಲ್ಲಿ. ಮನೆಯ ಅಟ್ಟದಲ್ಲಿ, ಗ್ಯಾರೇಜಿನ ಮೂಲೆಯಲ್ಲಿ, ಗುಜರಿಯ ಗಾಡಿಯಲ್ಲಿ ಈಗ ಅಂಥ ನಡುವಯಸ್ಸಿನ ಸಾಮಾನುಗಳು ತುಂಬಿವೆ. ಅವುಗಳಲ್ಲಿ ಪ್ಲಾಸ್ಟಿಕ್ಕಿನದೇ ಹೆಚ್ಚು. ಪ್ಲಾಸ್ಟಿಕ್ಕೆಂಬ ಕಾರಣಕ್ಕೇ ಅವಕ್ಕೆ ಕೇಳುವವರಿಲ್ಲ.

ತಂದೆತಾಯಿಗಳ ಕಾಲದ ಇಂತಹ ಯಾವುದಾದರೂ ಮಾಸಿದ ಹೊಳಪು ನಿಮ್ಮ ಮನೆಯಲ್ಲಿದ್ದರೆ, ಎಸೆಯುವ ಮೊದಲು, ತಿಕ್ಕುವುದಕ್ಕೂ ಮೊದಲು, ಒಮ್ಮೆ ಮಗುಚಿ ಅದರ ಬೆನ್ನನ್ನು ನೋಡಿರಿ. ಅದು ಯಾವ ಬಗೆಯದೆಂದು ತಿಳಿಯಿರಿ. ಅದನ್ನು ಬೆಳಗಿಸುವ ಬೆಲೆಯನ್ನು ತೆರುವವರು ಯಾರು, ನೀವೋ, ಕೆಲಸಗಾರನೋ, ಕೆಳಗಿನ ಊರಿನ ನೀರೋ ಎಂದು ಕೇಳಿಕೊಳ್ಳಿರಿ. ಆಮೇಲೆ ಬೇಕಾದಷ್ಟನ್ನೇ ಬೆಳಗಿಸಿರಿ. ಉಳಿದದ್ದು ಹಾಗೆಯೇ ಇರಲಿ.